ಸೂಲಗಿತ್ತಿಯ ಏಳು ಕುಡಿಕೆ

ಆ ಊರಿನಲ್ಲಿ ಯಾರೂ ತಮ್ಮ ಮಾತನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಉಳಿಯಬೇಕಾದ ಮಾತು ಯಾವುದೇ ಇರಲಿ, ಅದು ಬೇರೆಯವರ ಮನೆಯಲ್ಲಿ ಉಳಿಯಬೇಕು. ಒಂದು ಮನೆಯಲ್ಲಲ್ಲ, ಏಳು ಮನೆಯಲ್ಲಿ.

ಬಹಳ ಹಿಂದೆ ಹೀಗಿರಲಿಲ್ಲವಂತೆ. ಊರ ನಡುವೆ ಒಂದು ದೊಡ್ಡ ಕಣಜವಿತ್ತು, ಎಲ್ಲರ ಮಾತೂ ಅದರೊಳಗಿತ್ತು, ಅದಕ್ಕೆ ಒಬ್ಬ ಕಾವಲುಗಾರನಿದ್ದ. ಒಂದು ಬೇಸಿಗೆ ಕಣಜಕ್ಕೆ ಬೆಂಕಿ ಬಿತ್ತು. ಮರುದಿನ ಊರಿನವರು ಎದ್ದಾಗ ಯಾರಿಗೂ ಮುತ್ತಜ್ಜಿಯ ಹೆಸರು ನೆನಪಿರಲಿಲ್ಲ. ಯಾವ ಬಾವಿಯ ನೀರು ಸಿಹಿ, ಯಾವ ಸೊಪ್ಪು ವಿಷ ಎಂಬುದು ನೆನಪಿರಲಿಲ್ಲ. ಆ ವರ್ಷ ಸೊಪ್ಪು ತಿಂದು ಸತ್ತವರನ್ನು ಮಣ್ಣು ಮಾಡಿದ ಮೇಲೆ ಹಿರಿಯರು ಕೂತು ಈ ಕಟ್ಟಳೆ ಮಾಡಿದರು. ಒಂದು ಮನೆ ಸುಟ್ಟರೆ ಆರು ಉಳಿಯಲಿ. ಆರು ಮನೆ ಮುಳುಗಿದರೆ ಒಂದು ಉಳಿಯಲಿ.

ಮಾತು ಇಡುವ ಕ್ರಮ ಹೀಗಿತ್ತು. ಇಡುವವರು ಏಳು ಮಣ್ಣಿನ ಕುಡಿಕೆ ತೆಗೆದುಕೊಂಡು ಬೇವಿನ ಕಟ್ಟೆಗೆ ಬರಬೇಕು. ಒಂದು ಕುಡಿಕೆಯ ಬಾಯಿಗೆ ಬಾಯಿ ಹತ್ತಿರ ತಂದು ಮಾತಾಡಬೇಕು. ಆಮೇಲೆ ಎಣ್ಣೆ ಬಗ್ಗಿಸುವ ಹಾಗೆ ಅದರಿಂದ ಉಳಿದ ಆರಕ್ಕೂ ಬಗ್ಗಿಸಬೇಕು. ಎಣ್ಣೆ ಬಗ್ಗಿಸಿದರೆ ಕಡಿಮೆಯಾಗುತ್ತದೆ, ಮಾತು ಆಗುವುದಿಲ್ಲ. ಬಗ್ಗಿಸಿದ ಮೇಲೆ ಕುಡಿಕೆಯ ಬಾಯಿಗೆ ಒಂದು ಹಸಿ ನೂಲು ಹಿಡಿದರೆ ನೂಲು ತಾನೇ ಗಂಟು ಬೀಳುತ್ತಿತ್ತು. ಒಂದೇ ಮಾತಿಗೆ ಒಂದೇ ಗಂಟು. ಅಕ್ಷರ ಒಂದು ಆಚೀಚೆಯಾದರೂ ಗಂಟು ಬೇರೆ. ಅಂಥ ನೂಲನ್ನು ಒಂದೊಂದು ಕುಡಿಕೆಯ ಕೊರಳಿಗೂ ಕಟ್ಟಿ, ಎಂಟನೆಯದನ್ನು ಮಾತಿನ ಒಡೆಯರು ಮಡಿಲಲ್ಲಿ ಕಟ್ಟಿಕೊಳ್ಳುತ್ತಿದ್ದರು.

ಊರಲ್ಲಿ ಹೊರುವವರು ಮೂವರಿದ್ದರು. ಅವರು ಕುಡಿಕೆಗಳನ್ನು ಎತ್ತಿಕೊಂಡು ಕಾಲು ಹೋದತ್ತ ಹೋಗಿ ಏಳು ಮನೆಗೆ ಸೇರಿಸುತ್ತಿದ್ದರು. ಮನೆಯವರು ಕುಡಿಕೆಯನ್ನು ಗೋಡೆಯ ನಾಗಂದಿಗೆ ಹಲಗೆಯ ಮೇಲಿಟ್ಟು "ಬಂತು" ಎನ್ನಬೇಕು. ಹೊರುವವರು ವಾಪಸು ಬಂದು "ಬಂತೆಂದರು" ಎನ್ನಬೇಕು. ಏಳು ಸಲ ಅದನ್ನು ಕೇಳುವವರೆಗೆ ಮಾತಿನ ಒಡೆಯರು ಕಟ್ಟೆ ಬಿಟ್ಟು ಏಳಬಾರದು.

ಬೇಕಾದಾಗ ನೂಲು ಹಿಡಿದು ಯಾರದೇ ಮನೆಯ ಮುಂದೆ ನಿಂತು ಕೇಳಿದರಾಯಿತು. ಅವರಲ್ಲಿ ಇಲ್ಲದಿದ್ದರೆ ಅವರು ಆಚೆ ಮನೆಗೆ ಕೂಗುತ್ತಾರೆ, ಆಚೆ ಮನೆಯವರು ಅದರಾಚೆಗೆ. ಕೂಗು ಬೀದಿಯಿಂದ ಬೀದಿಗೆ ಹೋಗುತ್ತದೆ. ಎಲ್ಲೋ ಒಂದು ಕಡೆ "ಇದೆ" ಎಂಬ ಮಾತು ಹುಟ್ಟಿ ತಿರುಗಿ ಬರುತ್ತದೆ.

ಊರಿಗೆ ಒಬ್ಬಳು ಸೂಲಗಿತ್ತಿಯಿದ್ದಳು. ಊರಿನ ಅರ್ಧ ಜನ ಅವಳ ಅಂಗೈಯಲ್ಲಿ ಹುಟ್ಟಿದವರು. ಹೊಟ್ಟೆಯಲ್ಲಿ ಅಡ್ಡ ಮಲಗಿದ ಮಗುವನ್ನು ಹೊರಗಿನಿಂದಲೇ ಕೈಯಾಡಿಸಿ ತಿರುಗಿಸುವುದು ಅವಳೊಬ್ಬಳಿಗೆ ಗೊತ್ತಿತ್ತು. ಹೋದ ಸುಗ್ಗಿಯಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ನಾಲಗೆಯೂ ಬಿತ್ತು. ಅಂದಿನಿಂದ ಅವಳು ಮಂಚದ ಮೇಲೆ, ಅವಳ ಕೆಲಸ ಸೊಸೆಯ ಮೇಲೆ. ಸೊಸೆ ನಲವತ್ತು ದಾಟಿದವಳು, ಗಟ್ಟಿ ಹೆಂಗಸು. ನೇರವಾಗಿ ಬರುವ ಮಗುವನ್ನು ಅವಳು ಹೆದರದೆ ಹಿಡಿಯುತ್ತಿದ್ದಳು. ತಿರುಗಿಸುವುದನ್ನು ಮಾತ್ರ ಅವಳು ಕಣ್ಣಿಂದ ಕಂಡಿರಲಿಲ್ಲ. ಆಗೆಲ್ಲ ಅವಳು ಹೊರಗೆ ನೀರು ಕಾಯಿಸುತ್ತಿದ್ದಳು.

ಈಗ ಕುಂಬಾರಗಿತ್ತಿಗೆ ದಿನ ತುಂಬಿತ್ತು. ಸೊಸೆ ಹೊಟ್ಟೆ ಮುಟ್ಟಿ ನೋಡಿದಳು. ಎಡಗಡೆ ತಲೆ, ಬಲಗಡೆ ಕುಂಡೆ. ಮಗು ಅಡ್ಡ ಮಲಗಿತ್ತು.

ಅವಳು ಮನೆಗೆ ಬಂದು ಅತ್ತೆಯ ಮಡಿಲಿಂದ ನೂಲನ್ನು ಬಿಚ್ಚಿಕೊಂಡಳು. ಮೂರು ವರ್ಷದ ಹಿಂದೆ, ಆ ವಿದ್ಯೆಯನ್ನೆಲ್ಲ ಮಾತಿನಲ್ಲಿ ಹೇಳಿ ಅತ್ತೆ ಕಟ್ಟೆಯ ಮೇಲೆ ಇಟ್ಟಿದ್ದಳು. ನೂಲಿನಲ್ಲಿ ಗಂಟು ಬಿಗಿಯಾಗಿಯೇ ಇತ್ತು. ಸೊಸೆ ಎರಡು ದಿನ ಊರೆಲ್ಲ ಕೂಗಿಸಿದಳು. ಎರಡು ದಿನವೂ ಕೂಗು ಬೀದಿ ಸುತ್ತಿ ಅವಳ ಬಳಿಗೇ ಬಂತು. "ಇದೆ" ಎಂದು ಯಾರೂ ಅನ್ನಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ಹುಡುಕುವಾತನ ಮನೆಗೆ ಹೋದಳು.

ಹುಡುಕುವಾತನ ಮನೆಯಲ್ಲಿ ನಾಗಂದಿಗೆ ಇರಲಿಲ್ಲ. ಅವನು ಯಾರ ಮಾತನ್ನೂ ಇಟ್ಟುಕೊಳ್ಳುತ್ತಿರಲಿಲ್ಲ, ಕಳೆದ ಮಾತನ್ನು ಹುಡುಕಿಕೊಡುವುದಷ್ಟೇ ಅವನ ಕೆಲಸ. ಜಗಲಿಯ ಮೇಲೆ ಕೂತು ಹುರಿದ ಹುಣಸೆಬೀಜ ಅಗಿಯುತ್ತಿದ್ದ. ಸೊಸೆ ಹೇಳಿದ್ದನ್ನೆಲ್ಲ ಕೇಳಿ ನೂಲಿಗೆ ಕೈ ಚಾಚಿದ.

"ಇದು ಅದೇ ನೂಲು ಅಂತ ಹೇಗೆ ಗೊತ್ತು ತಂಗಿ?"

"ಅತ್ತೆ ಮಡಿಲಲ್ಲಿ ಇದ್ದದ್ದು ಇದೊಂದೇ ಅಣ್ಣ. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ."

"ಗಂಟು ಸಡಿಲಾಗಿ ಮತ್ತೆ ಯಾರಾದರೂ ಬಿಗಿದಿದ್ದಾರಾ?"

"ಇಲ್ಲ."

ಅವನು ನೂಲನ್ನು ಬಿಸಿಲಿಗೆ ಹಿಡಿದು ಗಂಟಿನ ಒಂದೊಂದು ಸುತ್ತನ್ನೂ ಉಗುರಿನಿಂದ ಎಣಿಸಿದ. ಎಲ್ಲೂ ಎಳೆ ಹರಿದಿರಲಿಲ್ಲ, ಸುತ್ತು ತಪ್ಪಿರಲಿಲ್ಲ. "ನೂಲಿನಲ್ಲಿ ದೋಷ ಇಲ್ಲ" ಎಂದ. "ಇನ್ನು ಕೂಗಿನಲ್ಲಿದೆಯಾ ನೋಡೋಣ. ಎಲ್ಲಿ ನಿಂತು ಕೂಗಿದಿರಿ?"

"ನಮ್ಮ ಮನೆ ಮುಂದೆ."

"ಎರಡು ದಿನವೂ?"

"ಹೂಂ."

"ಒಂದೇ ಕಡೆಯಿಂದ ಕೂಗಿದರೆ ಕೂಗು ಒಂದೇ ದಾರಿ ಹಿಡಿಯುತ್ತೆ. ನಡುವೆ ಒಂದು ಮನೆಗೆ ಬೀಗ ಬಿದ್ದಿದ್ದರೆ ಅಲ್ಲಿಗೇ ನಿಲ್ಲುತ್ತೆ. ಬನ್ನಿ."

ಅವರು ಮೂಡಣ ಬಾಗಿಲಲ್ಲಿ ನಿಂತು ಕೂಗಿದರು. ಪಡುವಣ ಬಾಗಿಲಲ್ಲಿ ನಿಂತು ಕೂಗಿದರು. ಕೆರೆಯ ದಂಡೆಯಲ್ಲಿ ನಿಂತು ಕೂಗಿದರು. ಮೂರು ಕಡೆಯಿಂದ ಹೋದ ಕೂಗು ಮೂರು ದಾರಿಯಲ್ಲಿ ಮನೆಮನೆಯ ಹೊಸ್ತಿಲು ಮುಟ್ಟಿತು. ಇಲ್ಲ. ನಮ್ಮಲ್ಲಿಲ್ಲ. ಆಚೆ ಕೇಳಿ. ನಮ್ಮಲ್ಲೂ ಇಲ್ಲ. ಹಗ್ಗದವರ ಬೀದಿಯಲ್ಲಿ ಐದು ಮನೆಗೆ ಬೀಗ ಇತ್ತು. ಅವರೆಲ್ಲ ಒಂದು ಮದುವೆಗೆ ಹೋಗಿದ್ದರು. ಹುಡುಕುವಾತ ಅಲ್ಲೇ ಒಂದು ಜಗಲಿಯ ಮೇಲೆ ಕೂತ. "ಬೀಗ ಹಾಕಿದ ಮನೆ ಇಲ್ಲ ಅಂದ ಹಾಗಲ್ಲ. ಕಾಯೋಣ" ಎಂದ.

"ಅವಳಿಗೆ ಇವತ್ತೋ ನಾಳೆಯೋ ಅನ್ನುವ ಹಾಗಿದೆ" ಎಂದಳು ಸೊಸೆ.

"ಗೊತ್ತು ತಂಗಿ. ಓಡಾಡಿದರೆ ಬೀಗ ತೆಗೆಯಲ್ಲ."

ಮದುವೆಯವರು ಮರುದಿನ ಬೆಳಿಗ್ಗೆ ಬಂದರು. ಗಾಡಿ ಇಳಿದವರು ಇಳಿದ ಹಾಗೆಯೇ ಬೀಗ ತೆಗೆದು, ನಾಗಂದಿಗೆಯ ಒಂದೊಂದು ಕುಡಿಕೆಯನ್ನೂ ಇಳಿಸಿ ನೂಲು ನೋಡಿದರು. ಐದು ಮನೆಯಲ್ಲೂ ಇರಲಿಲ್ಲ.

ಅವರು ಅಲ್ಲಿಂದ ಎದ್ದು ಹೊರಟಾಗ ಕಂಬಳಿ ನೇಯುವವನು ಎದುರಿಗೆ ಬಂದ. ಬೀದಿಯ ಕೊನೆಯಲ್ಲಿ ಅವನ ಮನೆ. ಎರಡು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಿದ್ದಳು. ಅವನು ಅವರ ದಾರಿಗೆ ಅಡ್ಡ ನಿಂತ. ಹುಡುಕುವಾತ ಕಾದ.

"ಅದು ನನ್ನ ಮನೆಯಲ್ಲಿ ಇದ್ದಿರಬೇಕು" ಎಂದ ಕೊನೆಗೆ. "ನಾನು ತೊಳೆದುಬಿಟ್ಟೆ."

"ಯಾವಾಗ?"

"ಅವಳು ತೀರಿಕೊಂಡ ತಿಂಗಳು. ಮನೆ ತುಂಬ ಬೇರೆಯವರ ಮಾತು. ಅವಳದ್ದೊಂದೇ ಇಲ್ಲ. ನನಗೆ ತಡೆಯಲಿಕ್ಕೆ ಆಗಲಿಲ್ಲ ಅಣ್ಣಾ. ನಲವತ್ತು ಕುಡಿಕೆ ಹಳ್ಳಕ್ಕೆ ಒಯ್ದು ತೊಳೆದು ಬೋರಲು ಹಾಕಿದೆ. ಈ ಎರಡು ವರ್ಷ ಯಾರ ಕೂಗು ಬಂದರೂ ಇಲ್ಲ ಅಂತ ಹೇಳ್ತಾ ಇದೀನಿ."

ಊರಿನಲ್ಲಿ ಕುಡಿಕೆ ತೊಳೆಯುವುದು ತಪ್ಪೇನೂ ಅಲ್ಲ. ವರ್ಷಗಟ್ಟಲೆ ಯಾರೂ ಕೇಳದ, ಯಾರೂ ಕಾಯಿರಿ ಎನ್ನದ ಮಾತನ್ನು ಚೊಕ್ಕಟ ಮಾಡುವ ದಿನ ಎಲ್ಲ ಮನೆಯವರೂ ತೊಳೆಯುತ್ತಿದ್ದರು. ಆದರೆ ಇವನು ತೊಳೆದದ್ದು ಕಾಯಬೇಕಾದವನ್ನು. ಸೊಸೆ ಅವನ ಮುಖ ನೋಡಿದಳು. ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು. ಅವನ ಹೆಂಡತಿಯ ಹೆರಿಗೆಗಳಿಗೆ ಬಿಸಿನೀರು ಕೊಟ್ಟವಳು ಅವಳೇ.

"ನೂಲುಗಳನ್ನೂ ಬಿಸಾಕಿದೆಯಾ?" ಎಂದು ಹುಡುಕುವಾತ ಕೇಳಿದ.

ನೂಲುಗಳನ್ನು ಅವನು ಬಿಸಾಕಿರಲಿಲ್ಲ. ಒಂದು ಕರಿಯ ಕಂಬಳಿಯ ಮಡಿಕೆಯಲ್ಲಿ ನಲವತ್ತೂ ಇದ್ದವು. ಮೂವರೂ ಅವನ ಅಂಗಳದಲ್ಲಿ ಕೂತು ಒಂದೊಂದನ್ನಾಗಿ ಕಂಬಳಿಯ ಮೇಲೆ ಹರಡಿ, ಸೂಲಗಿತ್ತಿಯ ನೂಲಿನ ಪಕ್ಕಕ್ಕೆ ಇಟ್ಟು ನೋಡಿದರು. ಒಂದು ಇದಲ್ಲ. ಎರಡು ಇದಲ್ಲ. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ನಲವತ್ತನೆಯದೂ ಅದಲ್ಲ.

ನೇಯುವವನು ಕೊನೆಯ ನೂಲನ್ನು ಕೆಳಗಿಟ್ಟ. "ಹಾಗಾದರೆ ನಾನಲ್ಲವಾ?"

"ಇದಕ್ಕೆ ನೀನಲ್ಲ" ಎಂದ ಹುಡುಕುವಾತ. "ಈ ನಲವತ್ತಕ್ಕೆ ನೀನೇ. ಆದರೆ ಇವುಗಳಲ್ಲಿ ಒಂದೊಂದೂ ಬೇರೆ ಆರು ಮನೆಯಲ್ಲಿ ಇನ್ನೂ ಇದೆ. ಒಂದೊಂದೇ ನೂಲು ಹಿಡಿದು ಹೋಗಿ ಕೇಳು, ಬಗ್ಗಿಸಿಕೊಂಡು ಬಾ. ನಿನ್ನ ನಾಗಂದಿಗೆ ಮತ್ತೆ ತುಂಬುತ್ತೆ."

ಆಮೇಲೆ ಅವನು ಸೊಸೆಯ ಕಡೆ ತಿರುಗಿದ. ಹುಣಸೆಬೀಜ ಅಗಿಯುವುದನ್ನು ನಿಲ್ಲಿಸಿದ್ದ.

"ತಂಗಿ, ಒಬ್ಬ ತೊಳೆಯಬಹುದು. ಇಬ್ಬರ ಮನೆ ಸೋರಬಹುದು. ಏಳೂ ಮನೆಯಲ್ಲಿ ಹೋಗುವುದು ನಾನು ಕಂಡಿಲ್ಲ. ನಾವು ಕಳೆದದ್ದನ್ನು ಹುಡುಕುತ್ತಾ ಇದೀವಿ. ಕಳೆಯಬೇಕಾದರೆ ಮೊದಲು ಸೇರಿರಬೇಕು. ಅಂದು ನಿಮ್ಮ ಅತ್ತೆ ಏಳು ಸಲ 'ಬಂತೆಂದರು' ಕೇಳಿದಳಾ?"

"ಗಂಟು ಇದೆಯಲ್ಲ ಅಣ್ಣ."

"ಗಂಟು ಇದ್ದರೆ ಮಾತು ಹುಟ್ಟಿದೆ ಅಂತ ಅಷ್ಟೆ. ಯಾರದೋ ಮನೆ ಸೇರಿದೆ ಅಂತಲ್ಲ. ಗಂಟು ಕಟ್ಟೆಯ ಮೇಲೇ ಬೀಳುತ್ತೆ, ಹೊರುವವರು ಇನ್ನೂ ಎದ್ದಿರುವುದಿಲ್ಲ."

ಇಬ್ಬರೂ ಬೇವಿನ ಕಟ್ಟೆಗೆ ಹೋದರು.

ಹೊರುವವರು ಮೂವರೂ ಕಟ್ಟೆಯ ನೆರಳಲ್ಲಿ ಕೂತಿದ್ದರು. ಅವರಲ್ಲಿ ಮುದುಕಿಗೆ ಆ ದಿನ ನೆನಪಿತ್ತು. "ಸೂಲಗಿತ್ತಿ ಕುಡಿಕೆ ಇಟ್ಟುಕೊಂಡು ಮಾತಾಡ್ತಾ ಇದ್ದಳು. ನಾನು ಬೇರೆ ಹೊರೆ ಮುಗಿಸಿ ಬರ್ತೀನಿ ಅಂತ ಹೋದೆ. ಬಂದಾಗ ಕಟ್ಟೆ ಖಾಲಿ. ಇವನು ಒಯ್ದ ಅಂದುಕೊಂಡೆ."

"ನಾನು ಅವನು ಒಯ್ದ ಅಂದುಕೊಂಡೆ" ಎಂದ ಎರಡನೆಯವನು.

ಮೂರನೆಯವನು ಆ ದಿನ ಊರಲ್ಲೇ ಇರಲಿಲ್ಲ.

"ಸೂಲಗಿತ್ತಿ ಕಟ್ಟೆ ಬಿಟ್ಟು ಯಾಕೆ ಎದ್ದಳು?" ಎಂದು ಹುಡುಕುವಾತ ಮುದುಕಿಯನ್ನು ಕೇಳಿದ.

"ಯಾರೋ ಕರೆಯೋಕೆ ಬಂದರಂತೆ. ಯಾರಿಗೋ ನೋವು ಶುರುವಾಗಿತ್ತಂತೆ. ಕರೆಯೋಕೆ ಬಂದವರನ್ನೇ ಕೇಳಬೇಕು."

ಸೊಸೆ ಬೇವಿನ ಬುಡದಲ್ಲಿ ಕೂತುಬಿಟ್ಟಳು. ಮೂರು ವರ್ಷ ಎಲ್ಲಿತ್ತೋ, ಆ ಮಧ್ಯಾಹ್ನ ಅವಳ ಮುಂದೆ ಬಂದು ನಿಂತಿತು. ಓಡಿ ಬಂದ ಏದುಸಿರು. ಅತ್ತೆ ಅವಸರದಲ್ಲಿ ಮಾತು ಬಗ್ಗಿಸಿ, ನೂಲು ಕಟ್ಟಿ, ಸೆರಗು ಸಿಕ್ಕಿಸಿ ಹೊರಟದ್ದು. ಕಟ್ಟೆಯ ಮೇಲೆ ಏಳು ಕುಡಿಕೆ. ಮೇಕೆಗಳು ಕಟ್ಟೆಯ ಕಡೆಗೇ ಬರುತ್ತಿದ್ದವು.

"ಕರೆಯೋಕೆ ಬಂದವಳು ನಾನೇ ಅಣ್ಣ" ಎಂದಳು. "ಮೇಕೆ ಉರುಳಿಸುತ್ತವೆ ಅಂತ ಬುಟ್ಟಿಗೆ ಹಾಕಿಕೊಂಡು ಮನೆಗೆ ಒಯ್ದೆ. ಸಂಜೆ ತಂದು ಇಟ್ಟರಾಯಿತು ಅಂದುಕೊಂಡೆ. ಆ ಹೆರಿಗೆ ಮೂರು ದಿನ ಎಳೆಯಿತು. ತಾಯಿ ಉಳಿಯಲಿಲ್ಲ. ಆಮೇಲೆ..."

ಆಮೇಲೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ತನ್ನ ಮನೆಯ ಮಾತು ತನ್ನ ಮನೆಯಲ್ಲೇ ಇದ್ದರೆ ಮನೆಯವರಿಗೆ ಅದು ಮರೆತುಹೋಗುತ್ತದೆ ಎಂದು ಊರಿನ ಹಿರಿಯರು ಹೇಳುತ್ತಿದ್ದರು. ಊರೆಲ್ಲ ಕೂಗಿದ ಈ ಮೂರ್ನಾಲ್ಕು ದಿನವೂ ಕೂಗು ಅವಳ ಮನೆಯ ಬಾಗಿಲಿಗೆ ಬಂದಾಗ ಒಳಗೆ ಹೋಗಿ ನೋಡಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಯಾರೂ ಅವಳಿಗೆ ಹೇಳಿಯೂ ಇರಲಿಲ್ಲ.

ಹುಡುಕುವಾತ ಅವಳಿಗೆ ಸಮಾಧಾನ ಹೇಳಲಿಲ್ಲ, ದೂರಲೂ ಇಲ್ಲ. "ಏಳಿ, ನೋಡೋಣ" ಎಂದ.

ಅಟ್ಟದ ಮೂಲೆಯಲ್ಲಿ, ಹಳೆಯ ಸೀರೆಗಳ ಕೆಳಗೆ ಬುಟ್ಟಿ ಇತ್ತು. ಬುಟ್ಟಿಯಲ್ಲಿ ಏಳು ಕುಡಿಕೆ. ಎರಡು ಸೀಳು ಬಿಟ್ಟು ಒಣಗಿದ್ದವು. ಒಂದರ ಬಾಯಿಬಟ್ಟೆಯನ್ನು ಇರುವೆ ತಿಂದಿತ್ತು. ನಾಲ್ಕು ಚೆನ್ನಾಗಿದ್ದವು. ಕೊರಳಿನ ನೂಲಿಗೆ ಕೈಯ ನೂಲನ್ನು ಹಿಡಿದು ನೋಡಿದರು. ಅದೇ ಗಂಟು.

ಅಷ್ಟರಲ್ಲಿ ಕುಂಬಾರಗಿತ್ತಿಯ ಗಂಡ ಬಾಗಿಲಿಗೆ ಬಂದ. ಅವನ ಕೈ ಮೊಣಕೈವರೆಗೆ ಒದ್ದೆ ಮಣ್ಣಾಗಿತ್ತು. "ನೋವು ಶುರುವಾಯಿತು ಅಕ್ಕ" ಎಂದ.

ಸೊಸೆ ಒಂದು ಕುಡಿಕೆ ಎತ್ತಿಕೊಂಡಳು. ಆಗ ಒಳಗಿನಿಂದ ಸದ್ದು ಬಂತು. ಸೂಲಗಿತ್ತಿ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದಳು. ಸೊಸೆ ಹೋಗಿ ಏನೆಂದು ಕೇಳಿದಳು. ಅತ್ತೆ ಕುಡಿಕೆಯನ್ನು ನೋಡಿದಳು, ಬಾಗಿಲನ್ನು ನೋಡಿದಳು, ಮತ್ತೆ ಪಟ್ಟಿ ಬಡಿದಳು.

"ಬರ್ತೀನಿ ಅಂತಿದಾಳೆ" ಎಂದ ನೇಯುವವನು. ಯಾರೂ ಕರೆಯದಿದ್ದರೂ ಅವನು ಅವರ ಹಿಂದೆಯೇ ಬಂದಿದ್ದ. ಹೆಗಲ ಮೇಲಿನ ಕರಿಯ ಕಂಬಳಿಯನ್ನು ನೆಲಕ್ಕೆ ಹಾಸಿದ. ಅವನೂ ಹುಡುಕುವಾತನೂ ಸೂಲಗಿತ್ತಿಯನ್ನು ಅದರಲ್ಲಿ ಮಲಗಿಸಿ, ಆ ತುದಿ ಒಬ್ಬ ಈ ತುದಿ ಒಬ್ಬ ಹಿಡಿದು, ಹಾಲು ತುಂಬಿದ ಕೊಡ ಒಯ್ಯುವ ಹಾಗೆ ಮೆಲ್ಲಗೆ ಬೀದಿಯಲ್ಲಿ ಒಯ್ದರು. ಜನ ಜಗಲಿಯಿಂದ ಎದ್ದು ನಿಂತರು.

ಕುಂಬಾರರ ಮನೆಯ ಒಳಕೋಣೆಯಲ್ಲಿ ಸೂಲಗಿತ್ತಿಯನ್ನು ಗೋಡೆಗೆ ಒರಗಿಸಿ ಕೂರಿಸಿ ಗಂಡಸರು ಹೊರಗೆ ಬಂದರು. ಹುಡುಕುವಾತ ಸೂಲಗಿತ್ತಿಯ ಮನೆಗೆ ಮರಳಿ, ಚೆನ್ನಾಗಿದ್ದ ಉಳಿದ ಮೂರು ಕುಡಿಕೆಗಳನ್ನು ಹೊರುವವರ ಕೈಗೆ ಕೊಟ್ಟು, ಮೂರು ಮನೆಗೆ ಸೇರಿಸಲು ಅವರ ಜೊತೆಗೇ ನಡೆದ.

ಒಳಗೆ ಸೊಸೆ ಕುಡಿಕೆಯ ಬಾಯಿಬಟ್ಟೆ ಬಿಚ್ಚಿದಳು. ಮೂರು ವರ್ಷದ ಹಿಂದಿನ ಅತ್ತೆಯ ದನಿ, ಗಟ್ಟಿಯಾಗಿ, ನಾಲಗೆ ಇದ್ದ ದನಿ, ಕೋಣೆಯಲ್ಲಿ ತುಂಬಿತು.

"ಕೈ ಬಿಸಿ ಮಾಡಿಕೋ ಮಗಳೇ. ತಣ್ಣನೆ ಕೈ ಮುಟ್ಟಿದರೆ ಮಗು ಮುದುಡುತ್ತದೆ. ಹರಳೆಣ್ಣೆ ಹಚ್ಚು. ತಾಯಿಗೆ ಉಸಿರು ಬಿಡು ಅನ್ನು. ಅವಳು ಬಿಗಿ ಹಿಡಿದಾಗ ನೀನು ಸುಮ್ಮನಿರು, ಅವಳು ಸಡಿಲಿಸಿದಾಗ ನೀನು ಮುಂದೆ ಹೋಗು. ಒಂದು ಕೈ ತಲೆಯ ಮೇಲೆ, ಒಂದು ಕೈ ಕುಂಡೆಯ ಮೇಲೆ. ತಳ್ಳಬೇಡ. ಮಲಗಿದ ಮಗುವಿನ ತಲೆದಿಂಬು ಸರಿ ಮಾಡ್ತೀಯಲ್ಲ, ಅಷ್ಟೇ ಬಲ. ತಲೆ ಸರಿದದ್ದು ಗೊತ್ತಾದ ಕೂಡಲೆ ಕೆಳಗಿನ ಕೈಯನ್ನು..."

ಅಲ್ಲಿ ದನಿ ತಿರುಗಿತು. "ಯಾರಿಗೆ? ನೀರು ಹೋಯಿತಾ? ಬಂದೆ, ಇರು, ಬಂದೆ" ಎಂದಿತು. ಕುಡಿಕೆ ಸುಮ್ಮನಾಯಿತು.

ಸೊಸೆ ಕುಡಿಕೆಯನ್ನು ಬಗ್ಗಿಸಿ ನೋಡಿದಳು. ಮುಂದೆ ಏನೂ ಇರಲಿಲ್ಲ. ಗಂಟು ಒಂದೇ, ಹಾಗಾಗಿ ನಾಲ್ಕರಲ್ಲೂ ಇಷ್ಟೇ ಇತ್ತು. ಗಂಟು ಸುಳ್ಳು ಹೇಳಿರಲಿಲ್ಲ. ಆಡಿದ್ದಕ್ಕೆ ಸರಿಯಾಗಿಯೇ ಬಿದ್ದಿತ್ತು. ಆಡುವುದೇ ಪೂರ್ತಿಯಾಗಿರಲಿಲ್ಲ.

ಕುಂಬಾರಗಿತ್ತಿ ಹಲ್ಲು ಕಚ್ಚಿಕೊಂಡು ಅವಳನ್ನೇ ನೋಡುತ್ತಿದ್ದಳು. "ಅಷ್ಟೇನಾ ಅಕ್ಕ?" ಎಂದಳು.

"ಇರೋದರಿಂದ ಶುರು ಮಾಡೋಣ" ಎಂದಳು ಸೊಸೆ.

ಕೈಗಳನ್ನು ಬಿಸಿನೀರಲ್ಲಿ ಅದ್ದಿದಳು. ಹರಳೆಣ್ಣೆ ಹಚ್ಚಿದಳು. ಉಸಿರು ಬಿಡು ಎಂದಳು. ಬಿಗಿಯಾದಾಗ ಸುಮ್ಮನಿದ್ದಳು, ಸಡಿಲವಾದಾಗ ಮುಂದೆ ಹೋದಳು. ಅಂಗೈಯ ಕೆಳಗೆ ಪುಟ್ಟ ತಲೆ ಗುಂಡಗೆ, ಗಟ್ಟಿಯಾಗಿ ಸಿಕ್ಕಿತು. ಬಹಳ ಹೊತ್ತಿನ ಮೇಲೆ ಅದು ಒಂದು ಬೆರಳಿನಷ್ಟು ಸರಿಯಿತು. ಅಲ್ಲಿಂದ ಮುಂದೆ ಅವಳಿಗೆ ಗೊತ್ತಿರಲಿಲ್ಲ. ಕೈ ನಿಂತಿತು.

ಗೋಡೆಗೆ ಒರಗಿದ್ದ ಸೂಲಗಿತ್ತಿ ಎಡಗೈ ಚಾಚಿ ಸೊಸೆಯ ಮುಂಗೈ ಹಿಡಿದಳು. ಹಿಡಿತ ದೊಡ್ಡದೇನಲ್ಲ, ಹಕ್ಕಿ ಕೂತ ಹಾಗೆ. ಆ ಕೈ ಸೊಸೆಯ ಕೈಯನ್ನು ಸ್ವಲ್ಪ ಕೆಳಗೆ ಜಾರಿಸಿತು, ಓರೆ ಮಾಡಿತು, ಅಲ್ಲೇ ಇಟ್ಟುಕೊಂಡಿತು. ಕುಂಬಾರಗಿತ್ತಿಯ ಉಸಿರು ಸಡಿಲವಾಗುವವರೆಗೆ ಕಾದು ಒಂದು ಸಲ ಒತ್ತಿತು. ಸೊಸೆಗೆ ಇನ್ನೂ ಒತ್ತಬೇಕೆನ್ನಿಸಿದ ಹೊತ್ತಿಗೆ ಬಿಟ್ಟಿತು. ಸೊಸೆ ಕಣ್ಣು ಮುಚ್ಚಿದಳು. ಮೇಲೆ ಅತ್ತೆಯ ಕೈ, ಕೆಳಗೆ ಮಗು, ನಡುವೆ ತನ್ನ ಕೈ. ಸೂರ್ಯ ಕಿಟಕಿಯ ಒಂದು ಕಂಬಿಯಿಂದ ಇನ್ನೊಂದು ಕಂಬಿಗೆ ಹೋಗುವಷ್ಟು ಹೊತ್ತು ಮೂರೂ ಹಾಗೆಯೇ ಇದ್ದವು. ಆಮೇಲೆ ನಿದ್ದೆಯಲ್ಲಿರುವವರು ಮಗ್ಗುಲು ಬದಲಾಯಿಸುವ ಹಾಗೆ ಮಗು ತಾನೇ ಹೊರಳಿತು. ತಲೆ ಕೆಳಗಾಯಿತು.

ಸಂಜೆಯ ಬಿಸಿಲು ಅಂಗಳದಲ್ಲಿ ಇನ್ನೂ ಇದ್ದಾಗ ಕುಂಬಾರಗಿತ್ತಿಗೆ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೆ ಅಳಲಿಲ್ಲ. ಸೊಸೆ ಬೆನ್ನು ಸವರಿದ ಮೇಲೆ ಅತ್ತಿತು. ಸೂಲಗಿತ್ತಿ ಅಷ್ಟು ಹೊತ್ತಿಗೆ ನಿದ್ದೆ ಹೋಗಿದ್ದಳು.

ಹತ್ತು ದಿನ ಕಳೆದ ಮೇಲೆ ಸೊಸೆ ಏಳು ಹೊಸ ಕುಡಿಕೆ ತೆಗೆದುಕೊಂಡು ಕಟ್ಟೆಗೆ ಹೋದಳು. ಅತ್ತೆ ಹೇಳಿದ್ದನ್ನೆಲ್ಲ ಹೇಳಿದಳು, ಕೈ ಬಿಸಿ ಮಾಡುವುದರಿಂದ ಹಿಡಿದು ತಲೆದಿಂಬಿನವರೆಗೆ. ಮುಂದಿನದನ್ನು ಹೇಳಲು ನೋಡಿದಳು. ಸ್ವಲ್ಪ ಕೆಳಗೆ ಎಂದರೆ ಎಷ್ಟು, ಓರೆ ಎಂದರೆ ಯಾವ ಕಡೆಗೆ, ಯಾವಾಗ ಬಿಡಬೇಕು. ಗಾಳಿಯಲ್ಲಿ ಕೈಯಾಡಿಸಿ ನೋಡಿದಳು. ಕೈಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಹೊರುವ ಮುದುಕಿ ಪಕ್ಕದಲ್ಲಿ ಕೂತು ಕಾಯುತ್ತಿದ್ದಳು, ಅವಸರ ಮಾಡಲಿಲ್ಲ.

ಕೊನೆಗೆ ಸೊಸೆ ಕುಡಿಕೆಗೆ ಬಾಯಿ ಹತ್ತಿರ ತಂದು ಹೀಗೆಂದಳು: "ಇಲ್ಲಿಂದ ಮುಂದಿನದು ಕುಡಿಕೆಯಲ್ಲಿ ಹಿಡಿಯುವುದಿಲ್ಲ. ಇದನ್ನು ಕೇಳುತ್ತಿರುವವರು ಯಾರೇ ಆಗಿರಿ, ನೋವು ಶುರುವಾಗುವವರೆಗೆ ಕಾಯಬೇಡಿ. ಮೊದಲೇ ನಮ್ಮ ಮನೆಗೆ ಬನ್ನಿ. ನಾನಿದ್ದರೆ ನಾನು, ನಾನಿಲ್ಲದಿದ್ದರೆ ನನ್ನಿಂದ ಕಲಿತವರು ಕೈ ಹಿಡಿದು ತೋರಿಸುತ್ತಾರೆ."

ಅವಳು ಮಾತನ್ನು ಬಗ್ಗಿಸಿದಳು, ನೂಲು ಹಿಡಿದಳು, ಏಳು ಮನೆಯಿಂದ ಉತ್ತರ ಬರುವವರೆಗೆ ಕಟ್ಟೆಯ ಮೇಲೇ ಕೂತಿದ್ದಳು.

ಆ ವಾರವೇ ಹಗ್ಗದವರ ಬೀದಿಯಿಂದ ಒಬ್ಬ ಹೆಂಗಸು ಬಂದಳು. ತನ್ನ ಮನೆಗೆ ಬಂದ ಕುಡಿಕೆಯನ್ನು ತೆರೆದು ಕೇಳಿದ್ದಳು. ಎರಡು ಹೆತ್ತವಳು, ಒಂದನ್ನು ಕಳೆದುಕೊಂಡವಳು. ಬಾಗಿಲಲ್ಲಿ ನಿಂತು ಕಾಲು ತೊಳೆದುಕೊಂಡಳು. ಒಳಗೆ ಬಂದು ಸೂಲಗಿತ್ತಿಯ ಮಂಚದ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಎರಡು ಅಂಗೈಗಳನ್ನೂ ಒಂದಕ್ಕೊಂದು ಉಜ್ಜಿ ಬಿಸಿ ಮಾಡಿಕೊಂಡು ಮುಂದೆ ಚಾಚಿದಳು.

"ತೋರಿಸಿ ಅಕ್ಕ" ಎಂದಳು.